ಮುನ್ನೂರು ಮೀಟರಿನ ಆಚೆಯ ಕಲಬುರಗಿ

ಕಲಬುರಗಿಗೆ ಮಂತ್ರಿಗಳು ಬಂದರೆ ಮರುದಿನದ ಪತ್ರಿಕೆಯಲ್ಲಿ ಐವಾನ್-ಎ-ಶಾಹಿ ಅತಿಥಿಗೃಹದ ಹೆಸರು ಇದ್ದೇ ಇರುತ್ತದೆ. ಪತ್ರಿಕಾಗೋಷ್ಠಿ ಅಲ್ಲಿ, ಅಹವಾಲು ಸ್ವೀಕಾರ ಅಲ್ಲಿ, ತೊಗರಿ ಬೆಲೆ ಕುಸಿದಾಗ ರೈತರು ಮನವಿಪತ್ರ ಹಿಡಿದು ನಿಲ್ಲುವುದೂ ಅಲ್ಲಿಯೇ. ನಿಜಾಮರು ಈ ಕಡೆ ಬಂದಾಗ ಇಳಿದುಕೊಳ್ಳಲೆಂದು ಎದ್ದ ಕಟ್ಟಡವದು. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದ ಒಕ್ಕೂಟ ಸೇರಿತು, 1956ರಲ್ಲಿ ಜಿಲ್ಲೆ ಕನ್ನಡ ನಾಡಿಗೆ ಕೂಡಿತು. ಅತಿಥಿಗೃಹ ಅತಿಥಿಗೃಹವಾಗಿಯೇ ಉಳಿದು, ಸುತ್ತಲಿನ ಇಡೀ ಪ್ರದೇಶಕ್ಕೆ ತನ್ನ ಹೆಸರನ್ನು ಕೊಟ್ಟಿತು.

ಇಂಥ ಕಟ್ಟಡಗಳನ್ನು ಇಷ್ಟು ದಿನ ಕಾಯ್ದಿರುವುದು ಬಳಕೆ. ದೊಡ್ಡವರು ಇಳಿದುಕೊಳ್ಳುತ್ತಾರೆ, ಆದ್ದರಿಂದ ಸೂರು ಸೋರುವುದಿಲ್ಲ, ಬಾಗಿಲಿಗೆ ಬಣ್ಣ ಬೀಳುತ್ತದೆ. ಆದರೆ ಬಳಕೆ ಬದಲಾಗುತ್ತದೆ. ಮುಂದೆಂದಾದರೂ ಯಾರಾದರೂ ಬಂದು, ಇದು ಹಳೆಯದಾಯಿತು, ಜಾಗ ಬೆಲೆಬಾಳುತ್ತದೆ, ಇಲ್ಲೊಂದು ಬಹುಮಹಡಿ ಕಟ್ಟೋಣ ಎಂದರೆ ಊರಿನವರ ಕೈಯಲ್ಲಿ ಏನಿರಬೇಕು? ಪ್ರತಿಭಟನೆಯ ಫಲಕ ಇರುತ್ತದೆ, ಸರಿ. ಅದಕ್ಕಿಂತ ಗಟ್ಟಿಯಾದದ್ದೊಂದು ಬೇಕು. ಊರಿನ ಮಾಸ್ಟರ್ ಪ್ಲಾನ್‌ನಲ್ಲಿ ಆ ಕಟ್ಟಡದ ಹೆಸರು, ಸರ್ವೆ ನಂಬರು, ಅದರ ಸುತ್ತ ಏನು ಕಟ್ಟಬಹುದು, ಎಷ್ಟು ಎತ್ತರ ಎಂಬ ನಿಯಮ ಅಚ್ಚಾಗಿರಬೇಕು. ಪರಂಪರೆಯ ಬಗ್ಗೆ ಕಾಳಜಿಯುಳ್ಳ ನಾಗರಿಕ ಸಂಘಟನೆಗಳು ತಮ್ಮ ಶಕ್ತಿಯ ಬಹುಪಾಲನ್ನು ಈ ಕಾಗದದ ಕೆಲಸಕ್ಕೆ ಕೊಡಬೇಕು ಎಂಬುದು ನನ್ನ ಆಗ್ರಹ.

ಪರಂಪರೆ ಎಂದ ಕೂಡಲೇ ನಮ್ಮಲ್ಲಿ ಪುರಾತತ್ವ ಇಲಾಖೆಯತ್ತ ಬೊಟ್ಟು ಮಾಡುವುದು ರೂಢಿ. ಅದಕ್ಕೆ ಕಾರಣವೂ ಇದೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಇಲ್ಲಿ ರಾಜ್ಯ ಕಟ್ಟಿದ. ಮುಂದೆ ರಾಜಧಾನಿ ಬೀದರಿಗೆ ಹೋಗುವವರೆಗೆ, ಸುಮಾರು ಮುಕ್ಕಾಲು ಶತಮಾನ, ದಖ್ಖನ್ನಿನ ಅಧಿಕಾರ ಈ ಊರಿನಲ್ಲಿತ್ತು. ಆ ಅವಧಿಯ ಕೋಟೆ, ಸುಲ್ತಾನ ಫಿರೋಜ್ ಶಾಹನ ಗೋರಿಯೂ ಸೇರಿದ ಹಫ್ತ್ ಗುಂಬಜ್, ಕೋಟೆಯೊಳಗಿನ ಜಾಮಿ ಮಸೀದಿ ಇವತ್ತಿಗೂ ನಿಂತಿವೆ. 1367ರ ಈ ಮಸೀದಿಯನ್ನು ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫಿ ಎಂದು ಶಾಸನ ಹೇಳುತ್ತದೆ. 216 ಅಡಿ ಉದ್ದ, 176 ಅಡಿ ಅಗಲ. ಸಾಮಾನ್ಯವಾಗಿ ಮಸೀದಿಗೆ ನಡುವೆ ಬಯಲು ಅಂಗಳವಿರುತ್ತದೆ. ಇಲ್ಲಿ ಅದಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಕಮಾನಿನ ಹಿಂದೆ ಕಮಾನು ಸರಿದು ಹೋಗುವ ಆ ಸಾಲನ್ನು ನೋಡಿದವರು ಮರೆಯಲಾರರು.

ಇಂಥ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆಯ ರಕ್ಷಣೆ ಇದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಒಟ್ಟು ಮುನ್ನೂರು ಮೀಟರ್. ಅಲ್ಲಿಗೆ ಆ ಕಾಯ್ದೆಯ ಕೈ ಮುಗಿಯುತ್ತದೆ. ರಾಜ್ಯದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 500ಕ್ಕೂ ಹೆಚ್ಚು, ರಾಜ್ಯ ಇಲಾಖೆಯವು 800ಕ್ಕೂ ಹೆಚ್ಚು. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಊರು ಅಂದರೆ ಇಷ್ಟೇ ಅಲ್ಲವಲ್ಲ. ಬ್ರಹ್ಮಪುರದ ಹಳೆಯ ವಾಡೆಗಳು, ಶಾಹಬಜಾರದ ಓಣಿಗಳು, ಮೆಹಬೂಬ್ ಗುಲ್ಶನ್ ಉದ್ಯಾನ, ಸ್ಟೇಷನ್ ಬಜಾರಿನ ಹಳೆಯ ಅಂಗಡಿಸಾಲು, ಶಹಾಬಾದ್ ಕಲ್ಲು ಹಾಸಿದ ಅಂಗಳಗಳು, ಅಪ್ಪನ ಕೆರೆಯ ದಂಡೆ. 19ನೇ ಶತಮಾನದ ಕೊನೆಯಲ್ಲಿ ಶುರುವಾಗಿ ತಲೆಮಾರುಗಳ ಕಾಲ ಬಟ್ಟೆ ನೇಯ್ದ ಎಂಎಸ್‌ಕೆ ಮಿಲ್ಲು ಈಗ ಬಡಾವಣೆಯ ಹೆಸರಾಗಿ ಜನರ ಬಾಯಲ್ಲಿದೆ. ಮಗ್ಗದ ಸದ್ದಿಗೆ ಎದ್ದು ಮಲಗಿದ ಕಾರ್ಮಿಕ ಕುಟುಂಬಗಳ ಚರಿತ್ರೆ ಯಾವ ಪುರಾತತ್ವ ಫಲಕದಲ್ಲೂ ಬರಲಿಲ್ಲ.

ಹಾಗಾದರೆ ಇವಕ್ಕೆ ಕಾನೂನೇ ಇಲ್ಲವೇ? ಇದೆ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಈ ಕಾಯ್ದೆಯಲ್ಲಿ ‘ಪಾರಂಪರಿಕ ಕಟ್ಟಡ’ ಎಂಬುದಕ್ಕೆ ವ್ಯಾಖ್ಯೆಯೇ ಇದೆ: ವಾಸ್ತುವಿನ, ಸೌಂದರ್ಯದ, ಚರಿತ್ರೆಯ ಅಥವಾ ಸಂಸ್ಕೃತಿಯ ಮೌಲ್ಯವುಳ್ಳ, ಯೋಜನಾ ಪ್ರಾಧಿಕಾರ ಅಥವಾ ಸಕ್ಷಮ ಪ್ರಾಧಿಕಾರ ಹಾಗೆಂದು ಘೋಷಿಸಿದ ಕಟ್ಟಡ. ಒಂದೇ ಕಟ್ಟಡವಲ್ಲ, ಅಂಥ ಕಟ್ಟಡಗಳಿರುವ ಇಡೀ ಪ್ರದೇಶವನ್ನೂ ಘೋಷಿಸಬಹುದು. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಘೋಷಣೆಗೆ ಕಟ್ಟಡ ಆರುನೂರು ವರ್ಷ ಹಳೆಯದಾಗಿರಬೇಕಿಲ್ಲ, ದೆಹಲಿಯ ಅಪ್ಪಣೆ ಬೇಕಿಲ್ಲ. ಅಧಿಕಾರ ಊರಿನ ಪ್ರಾಧಿಕಾರದ ಬಳಿಯೇ ಇದೆ, ಅಂದರೆ ನಮ್ಮಲ್ಲಿ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದ ಬಳಿ. ಜನ ಅದನ್ನು ಸೈಟು ಹಂಚುವ, ಲೇಔಟ್ ಮಂಜೂರು ಮಾಡುವ ಕಚೇರಿ ಎಂದಷ್ಟೇ ಬಲ್ಲರು. ಊರಿನ ನೆನಪನ್ನು ನಕ್ಷೆಯಲ್ಲಿ ಗುರುತಿಸುವ ಅಧಿಕಾರವೂ ಅಲ್ಲಿಯೇ ಇದೆ ಎಂಬುದನ್ನು ನೆನಪಿಸುವವರು ಬೇಕು.

ಈ ನೆನಪಿಸುವ ಕೆಲಸವನ್ನೇ ಊರೂರಿನ ನಾಗರಿಕ ಸಮಾಜಗಳು ಬ್ರಿಟನ್ನಿನಲ್ಲಿ ಒಂದು ಶಿಸ್ತಾಗಿ ಬೆಳೆಸಿದವು. ಬಾತ್ ಪಟ್ಟಣದ ಸಂರಕ್ಷಣಾ ಟ್ರಸ್ಟ್ 1934ರದು, ಯಾರ್ಕ್ ನಗರದ ಸಿವಿಕ್ ಟ್ರಸ್ಟ್ 1946ರದು. 1957ರಲ್ಲಿ ಡಂಕನ್ ಸ್ಯಾಂಡಿಸ್ ಎಂಬ ರಾಜಕಾರಣಿ ಇಂಥ ಸಂಘಗಳಿಗೆಲ್ಲ ಬೆನ್ನೆಲುಬಾಗಿ ಸಿವಿಕ್ ಟ್ರಸ್ಟ್ ಸ್ಥಾಪಿಸಿದರು. ಹತ್ತು ವರ್ಷದ ನಂತರ ಅವರೇ ಮಂಡಿಸಿದ ಮಸೂದೆ ಕಾಯ್ದೆಯಾಗಿ, ಒಂಟಿ ಕಟ್ಟಡಗಳ ಜೊತೆಗೆ ಇಡೀ ಬೀದಿ, ಇಡೀ ಪೇಟೆಯನ್ನು ಸಂರಕ್ಷಣಾ ಪ್ರದೇಶವಾಗಿ ಗುರುತಿಸುವ ದಾರಿ ತೆರೆಯಿತು. ಆ ಸಂಘಗಳ ದಿನನಿತ್ಯದ ಕೆಲಸ ನೋಡಿದರೆ ಯಾವ ಸಡಗರವೂ ಇಲ್ಲ. ನಗರಸಭೆಗೆ ಬಂದ ಕಟ್ಟಡ ಅರ್ಜಿಗಳ ಪಟ್ಟಿಯನ್ನು ಓದುವುದು, ಹಳೆ ಪೇಟೆಗೆ ತಾಕುವಂಥದ್ದಿದ್ದರೆ ಸ್ಥಳಕ್ಕೆ ಹೋಗಿ ನೋಡುವುದು, ಒಂದೆರಡು ಪುಟದ ಅಭಿಪ್ರಾಯ ಬರೆದು ಗಡುವಿನೊಳಗೆ ಸಲ್ಲಿಸುವುದು. ನಿವೃತ್ತ ಶಿಕ್ಷಕರು, ಅಂಗಡಿ ಮಾಲೀಕರು, ವಕೀಲರು ಇದನ್ನು ದಶಕಗಟ್ಟಲೆ ಮಾಡಿದ್ದಾರೆ.

ನಮ್ಮಲ್ಲಿಯೂ ಇದಕ್ಕೆ ಬಾಗಿಲುಗಳಿವೆ. ಮಾಸ್ಟರ್ ಪ್ಲಾನ್‌ನ ಕರಡು ಪ್ರಕಟವಾದಾಗ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕೆಂದು 1961ರ ಕಾಯ್ದೆಯೇ ಹೇಳುತ್ತದೆ. ಯೋಜನೆ ಜಾರಿಯಾದ ಮೇಲೆ ಒಂದು ಜಾಗದ ಭೂಬಳಕೆಯನ್ನು ಬದಲಿಸುವುದಾದರೆ, ಉದಾಹರಣೆಗೆ ಉದ್ಯಾನವೆಂದು ಗುರುತಿಸಿದ್ದನ್ನು ವಾಣಿಜ್ಯಕ್ಕೆ ಕೊಡುವುದಾದರೆ, 14-ಎ ಕಲಮಿನ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಒಳಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ಸರ್ವೆ ನಂಬರುಗಳ ಸಾಲಾಗಿ ಬರುವ ಆ ಪ್ರಕಟಣೆಯನ್ನು ಯಾರು ಓದುತ್ತಾರೆ? ಓದಬೇಕಾದವರು ಜಾಗದ ವ್ಯವಹಾರದವರು ಮಾತ್ರ ಎಂಬಂತಾಗಿದೆ. ವಾರಕ್ಕೊಮ್ಮೆ ಕುಳಿತು ಇವನ್ನು ಓದಿ, ಆ ಸರ್ವೆ ನಂಬರಿನಲ್ಲಿ ಹಳೆ ಬಾವಿ ಇದೆಯೇ, ಗೋರಿ ಇದೆಯೇ, ಮಠದ ಅಂಗಳವಿದೆಯೇ ಎಂದು ಪರಿಶೀಲಿಸುವ ಐದಾರು ಜನರಿದ್ದರೆ ಅದೇ ಒಂದು ನಾಗರಿಕ ಸಮಾಜ. ಮಹಾನಗರ ಪಾಲಿಕೆಯ ವಾರ್ಡ್ ಸಮಿತಿಗಳೂ ಇದಕ್ಕೆ ಒದಗಬಲ್ಲವು.

ಪಟ್ಟಿಯಲ್ಲಿ ಹೆಸರಿರುವುದರಿಂದ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ನಾವು ಒಂದು ಕಾಲಕ್ಕೆ ಸೇರಿದ್ದ ಹೈದರಾಬಾದಿಗೇ ಹೋದರೆ ಸಾಕು. ಅಲ್ಲಿ 1870ರ ಸುಮಾರಿಗೆ ನವಾಬ ಫಖ್ರುಲ್ ಮುಲ್ಕ್ ಕಟ್ಟಿಸಿದ ಇರ್ರಂ ಮಂಜಿಲ್ ಅರಮನೆ ಇದೆ. ನಂತರದ ದಿನಗಳಲ್ಲಿ ಸರ್ಕಾರಿ ಕಚೇರಿಗಳಿಗೆ ಬಳಕೆಯಾಯಿತು. 2019ರಲ್ಲಿ ತೆಲಂಗಾಣ ಸಚಿವ ಸಂಪುಟ ಅದನ್ನು ಕೆಡವಿ ಹೊಸ ವಿಧಾನಸಭೆ ಕಟ್ಟಲು ತೀರ್ಮಾನಿಸಿತು. ಪರಂಪರೆಯ ಕಾಳಜಿಯುಳ್ಳವರು ಹೈಕೋರ್ಟಿಗೆ ಹೋದರು. ಅವರ ಕೈಯಲ್ಲಿದ್ದ ದೊಡ್ಡ ಆಧಾರವೆಂದರೆ, ನಗರದ ವಲಯ ನಿಯಮಾವಳಿಯ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಆ ಅರಮನೆಯ ಹೆಸರಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಸಂಪುಟದ ತೀರ್ಮಾನವನ್ನು ರದ್ದು ಮಾಡಿತು. ಬೆಂಗಳೂರಿನ ಬಾಲಬ್ರೂಯಿ ಅತಿಥಿಗೃಹದ ಕತೆ ಬೇರೆ. 2014ರಲ್ಲಿ ಅದನ್ನು ಶಾಸಕರ ಕ್ಲಬ್ ಮಾಡುವ ಮಾತು ಬಂದಾಗ ನಾಗರಿಕರು ಬೀದಿಗಿಳಿದು ತಡೆದರು, ಆದರೆ ಪ್ರಸ್ತಾಪ ಮುಂದೆ ಮತ್ತೆ ತಲೆಯೆತ್ತಿತು. ಪ್ರತಿಭಟನೆಗೆ ಪ್ರತಿ ಸಲವೂ ಹೊಸದಾಗಿ ಜನ ಕೂಡಿಸಬೇಕು. ಪಟ್ಟಿ ತನ್ನ ಪಾಡಿಗೆ ಕಡತದಲ್ಲಿ ಕುಳಿತಿರುತ್ತದೆ.

ಯೋಜನೆಗೆ ಮೊದಲು ಸಮೀಕ್ಷೆ ಎಂಬ ಪಾಠವನ್ನು ಭಾರತದ ಊರುಗಳಲ್ಲಿ ನಿಂತು ಹೇಳಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. 1914–15ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಊರುಗಳನ್ನು ಸುತ್ತಿ ಅವರು ಬರೆದ ವರದಿಗಳಲ್ಲಿ ನಮ್ಮ ಬಳ್ಳಾರಿಯೂ ಇದೆ. ಹಳೆ ಪೇಟೆಯ ನಡುವೆ ನೇರ ರಸ್ತೆ ಎಳೆದು ನೂರಾರು ಮನೆ ಕೆಡವುವ ಅಂದಿನ ಎಂಜಿನಿಯರರ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಓಣಿ ಓಣಿ ನಡೆದು, ಬಿದ್ದುಹೋಗುತ್ತಿರುವ ಒಂದೆರಡು ಮನೆಯನ್ನಷ್ಟೇ ತೆಗೆದು, ಅಲ್ಲೊಂದು ಬಯಲು, ಇಲ್ಲೊಂದು ಗಿಡದ ನೆರಳು ಕೊಟ್ಟು, ಉಳಿದವರನ್ನು ಅವರ ಜಾಗದಲ್ಲೇ ಉಳಿಸುವುದು ಅವರ ದಾರಿ. ಕಡಿಮೆ ಕೊಯ್ದು ಹೆಚ್ಚು ಉಳಿಸುವ ಶಸ್ತ್ರಚಿಕಿತ್ಸೆ ಎಂದೇ ಅದನ್ನು ಕರೆದರು. ಖರ್ಚೂ ಕಡಿಮೆಯೆಂದು ಲೆಕ್ಕ ಮುಂದಿಟ್ಟರು. ನೂರು ವರ್ಷ ದಾಟಿದರೂ ರಸ್ತೆ ಅಗಲೀಕರಣದ ಕೆಂಪು ಗುರುತು ಬೀಳುವ ಊರುಗಳಲ್ಲಿ ಆ ವರದಿಗಳನ್ನು ತೆರೆದು ಓದಬೇಕಾದ ಪರಿಸ್ಥಿತಿ ಇದೆ.

ಊರಿನವರ ಮಾತು ಇಲ್ಲಿ ನಾನು ಒತ್ತಿ ಹೇಳಬೇಕು, ಏಕೆಂದರೆ ಸಂರಕ್ಷಣೆಯ ಹೆಸರಿನಲ್ಲಿ ಅವರೇ ಬಿಟ್ಟುಹೋಗುತ್ತಾರೆ. ಕಲಬುರಗಿ ಕೋಟೆಯೊಳಗೆ ಇಂದಿಗೂ ಕುಟುಂಬಗಳು ವಾಸವಾಗಿವೆ. ತೆರವಿನ ವಿಚಾರ ಹೈಕೋರ್ಟ್ ಮೆಟ್ಟಿಲು ಹತ್ತಿದೆ. ಸ್ಮಾರಕಕ್ಕೆ ಮನೆ ಒರಗಿ ನಿಲ್ಲಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ತೆಗೆಯುವ ಮೊದಲು ಬೇರೆ ಮನೆ ಎಲ್ಲಿ, ಮಕ್ಕಳ ಶಾಲೆ ಎಷ್ಟು ದೂರ, ಕೂಲಿಗೆ ಹೋಗುವ ದಾರಿ ಯಾವುದು ಎಂಬುದೂ ಯೋಜನೆಯ ಭಾಗವೇ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ ರೀತಿ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಪಿಗೆ 1986ರಲ್ಲೇ ವಿಶ್ವ ಪರಂಪರೆಯ ಮನ್ನಣೆ ಬಂದಿತ್ತು. ಯೋಜನೆಯಿಲ್ಲದೆ ಆನೆಗೊಂದಿ ಸೇತುವೆ ಕಟ್ಟಲು ಹೊರಟದ್ದರಿಂದ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರವರೆಗೆ ಅಲ್ಲೇ ಇತ್ತು.

ಕೋಟೆಯ ಹೊರಗೂ ಕಷ್ಟವಿದೆ. ಸ್ಮಾರಕದ ನೂರು ಮೀಟರಿನೊಳಗೆ ಅಜ್ಜನ ಕಾಲದ ಮಾಳಿಗೆ ಮನೆ ಇರುವವರು ಗೋಡೆ ಬಿರುಕು ಬಿಟ್ಟರೂ ಮುಟ್ಟಲು ಹೆದರುತ್ತಾರೆ. ಹಳೆಯ ಮನೆಗಳ ದುರಸ್ತಿಗೆ 1958ರ ಕೇಂದ್ರ ಕಾಯ್ದೆಯಲ್ಲಿ ಅರ್ಜಿಯ ದಾರಿ ಇದೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ದುರಸ್ತಿಗೆ, ನವೀಕರಣಕ್ಕೆ ಅನುಮತಿ ಪಡೆಯಬಹುದು. ಇದು ಗೊತ್ತಿಲ್ಲದೆ ಕೆಲವರು ಕದ್ದು ಕಟ್ಟುತ್ತಾರೆ, ಕೆಲವರು ಬೀಳುವ ಮನೆಯಲ್ಲೇ ಬದುಕುತ್ತಾರೆ, ಇಬ್ಬರೂ ಸ್ಮಾರಕವನ್ನು ಶಪಿಸುತ್ತಾರೆ. ಆ ಮನೆಯವರ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸಿಕೊಡುವುದು ಪರಂಪರೆಯ ಕೆಲಸ. ನೂರು ಜಾಥಾಗಳಿಗಿಂತ ಇಂಥ ಹತ್ತು ಅರ್ಜಿಗಳು ಗುಮ್ಮಟದ ಸುತ್ತ ಸ್ನೇಹ ಬೆಳೆಸುತ್ತವೆ ಎಂದು ನಾನು ನಂಬಿದ್ದೇನೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಅಂಶವಿದೆ. ಪ್ರತಿ ಸಂರಕ್ಷಿತ ಸ್ಮಾರಕಕ್ಕೂ ಅದರದೇ ಆದ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕು, ಸುತ್ತಲ ಕಟ್ಟಡಗಳ ಎತ್ತರ, ಮುಖ, ಚರಂಡಿ, ರಸ್ತೆ ಎಲ್ಲ ಅದರಲ್ಲಿ ಬರಬೇಕು, ಅದನ್ನು ಇಂಟ್ಯಾಕ್‌ನಂಥ ಪರಿಣತ ಸಂಸ್ಥೆಯೊಂದಿಗೆ ಸಮಾಲೋಚಿಸಿ ಸಿದ್ಧಪಡಿಸಬೇಕು ಎನ್ನುತ್ತದೆ 20-ಇ ಕಲಮು. 1984ರಲ್ಲಿ ಹುಟ್ಟಿದ ಇಂಟ್ಯಾಕ್ ಸರ್ಕಾರದ ಇಲಾಖೆಯಲ್ಲ, ಸದಸ್ಯರ ಸಂಸ್ಥೆ. ಅದರ ಹೆಸರನ್ನು ಸಂಸತ್ತು ಕಾಯ್ದೆಯೊಳಗೇ ಬರೆದಿದೆ. ಸಾರ್ವಜನಿಕ ಸಂಸ್ಥೆಯೊಂದಕ್ಕೆ ಇದಕ್ಕಿಂತ ದೊಡ್ಡ ಹಕ್ಕು, ಹೊಣೆ ಯಾವುದು? ಅದರ ಕಲಬುರಗಿ ಘಟಕಕ್ಕೆ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ, ಕಲಾ ಶಾಲೆಗಳು, ಎಂಜಿನಿಯರಿಂಗ್ ಕಾಲೇಜುಗಳು ಕೈ ಜೋಡಿಸಿದರೆ ಅಳತೆ, ನಕ್ಷೆ, ಫೋಟೊ ಎಲ್ಲವೂ ಊರಿನಲ್ಲೇ ಆಗುವ ಕೆಲಸ. ಕಲಬುರಗಿ, ಬೀದರ, ವಿಜಯಪುರ, ಹೈದರಾಬಾದ್ ಸ್ಮಾರಕಗಳು ಒಟ್ಟಾಗಿ 2014ರಿಂದ ಯುನೆಸ್ಕೊ ತಾತ್ಕಾಲಿಕ ಪಟ್ಟಿಯಲ್ಲಿವೆ. ಅಲ್ಲಿಂದ ಮುಂದಿನ ಪಟ್ಟಿಗೆ ಹೋಗಬೇಕಾದರೆ ಸ್ಮಾರಕದ ಸುತ್ತ ರಕ್ಷಣಾ ವಲಯ ಬೇಕು, ನಿರ್ವಹಣಾ ಯೋಜನೆ ಬೇಕು. ಅದೆಲ್ಲವೂ ನಗರ ಯೋಜನೆಯ ಕಡತದಿಂದಲೇ ಬರಬೇಕು.

ಊರಿನವರು ಮೊದಲು ಕಂಡದ್ದನ್ನು ಇಲಾಖೆ ಆಮೇಲೆ ಕಂಡ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಭೀಮೆಯ ದಂಡೆಯ ಸನ್ನತಿಯ ಮಹತ್ವವನ್ನು 1954ರಲ್ಲಿ ಗುರುತಿಸಿದವರು ಸಂಶೋಧಕ ಕಪಟರಾಳ ಕೃಷ್ಣರಾಯರು. 1986ರಲ್ಲಿ ಅಲ್ಲಿನ ಕಾಳಿಕಾ ಗುಡಿಯ ಮಾಡು ಕುಸಿದಾಗ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಮುಂದೆ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ದೊರೆಯಿತು. ನೆರೆಯ ಬೀದರಿನಲ್ಲಿ ನೌಬಾದಿನ ಕರೇಜ್, ನೆಲದೊಳಗಿನ ಆ ನೀರಿನ ಸುರಂಗ, ಹೂಳಿನಿಂದ ಹೊರಬಂದದ್ದೂ ಸಂಶೋಧಕರು, ಊರಿನ ಯುವಕರು, ಜಿಲ್ಲಾಡಳಿತ ಒಟ್ಟಿಗೆ ಕೂಡಿದ್ದರಿಂದ. ದಖ್ಖನ್ನಿನ ಚಾರಿತ್ರಿಕ ನೀರಿನ ವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಗಮನದ ಪಟ್ಟಿಗೆ ಸೇರಿಸಿತು.

ಪಟ್ಟಿಯಾದ ಮೇಲೆ ದುರಸ್ತಿಯ ಪ್ರಶ್ನೆ. ನಮ್ಮ ಹಳೆ ಕಟ್ಟಡಗಳು ಸುಣ್ಣದ ಗಚ್ಚಿನವು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಗೋಡೆ ಸ್ವಲ್ಪ ಅಲುಗಿದರೂ ಹೊಂದಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವಕ್ಕೆ ದಾರಿ ಮುಚ್ಚುತ್ತದೆ. ಅದು ಕಲ್ಲಿನ ಮೂಲಕ ಹೊರಬರಲು ನೋಡಿ, ಜೊತೆಯಲ್ಲಿ ಲವಣ ತಂದು, ಕಲ್ಲಿನ ಮುಖವನ್ನೇ ಪದರ ಪದರವಾಗಿ ಉದುರಿಸುತ್ತದೆ. ಎಣ್ಣೆ ಬಣ್ಣ ಬಳಿದರೂ ಇದೇ ಗತಿ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗೆ ಹೋಗುವ ಸುಣ್ಣದ ಕಲ್ಲು ನಮ್ಮ ನೆಲದಲ್ಲೇ ಇದೆ, ಗಚ್ಚು ಅರೆಯುವ ಕೈಗಳು ಕಡಿಮೆಯಾಗಿವೆ. ಸರ್ಕಾರಿ ದುರಸ್ತಿಯ ಟೆಂಡರಿನಲ್ಲಿ ಸುಣ್ಣದ ಗಾರೆ ಎಂಬ ಎರಡು ಪದ ಸೇರಿಸುವಂತೆ ಲೋಕೋಪಯೋಗಿ ಇಲಾಖೆಯನ್ನು ಒಪ್ಪಿಸಿದರೆ ಕಟ್ಟಡವೂ ಉಳಿಯುತ್ತದೆ, ಕಸುಬಿಗೂ ಕೂಲಿ ಸಿಗುತ್ತದೆ. ಖಾಸಗಿ ವಾಡೆಗಳ ಮಾಲೀಕರಿಗೆ ಬರಿ ನಿರ್ಬಂಧ ಹೇರಿದರೆ ಅವರು ರಾತ್ರೋರಾತ್ರಿ ಕೆಡವುತ್ತಾರೆ. 1995ರಲ್ಲಿ ಪಾರಂಪರಿಕ ನಿಯಮ ತಂದ ಮುಂಬಯಿ, ಮಾಲೀಕರು ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆಡೆ ಮಾರಲು ಅವಕಾಶ ಕೊಟ್ಟಿತು. ತೆರಿಗೆ ವಿನಾಯಿತಿಯಂಥ ಸಣ್ಣ ನೆರವಾದರೂ ನಮ್ಮ ಪಾಲಿಕೆಯಿಂದ ಬರಬೇಕು.

ಇನ್ನು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಈ ಊರು ಇತ್ತೀಚೆಗೆ ತಾಲ್ಲೂಕು ಕೇಂದ್ರವಾಗಿದೆ. ಹೊಸ ತಾಲ್ಲೂಕು ಎಂದರೆ ಕಚೇರಿ, ನ್ಯಾಯಾಲಯ, ಬಸ್ ನಿಲ್ದಾಣ, ಅದರ ಹಿಂದೆಯೇ ಲೇಔಟು. ಕಲಬುರಗಿಯಲ್ಲಿ ತಡವಾದದ್ದು ಇಲ್ಲಿ ಇನ್ನೂ ತಡವಾಗಿಲ್ಲ. ಭೌಗೋಳಿಕ ಸೂಚ್ಯಂಕ ಪಡೆದ ಕಮಲಾಪುರದ ಕೆಂಪು ಬಾಳೆ ಸುತ್ತಲಿನ ಕೆಲವೇ ಹಳ್ಳಿಗಳ ಮಣ್ಣು, ನೀರಿನ ಬೆಳೆ. ಆ ತೋಟದ ನೆಲ ಒಮ್ಮೆ ಕೃಷಿಯೇತರ (ಎನ್‌ಎ) ಆಗಿ ಸೈಟಾದರೆ ಸೂಚ್ಯಂಕದ ಪ್ರಮಾಣಪತ್ರ ಇಟ್ಟುಕೊಂಡು ಏನು ಮಾಡುವುದು? ಹಸಿರು ವಲಯವೆಂದು ಅದನ್ನು ಗುರುತಿಸಬೇಕಾದದ್ದು ಯೋಜನೆಯ ನಕ್ಷೆಯಲ್ಲಿ. ಹತ್ತಿರದ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳ ಗುಂಪೇ ಇದೆ. ಹೆದ್ದಾರಿಯಲ್ಲಿ ಬೀದರಿಗೆ ಓಡುವ ಪ್ರವಾಸಿಗಳಲ್ಲಿ ಅಲ್ಲಿ ಇಳಿದು ನೋಡುವವರು ಅಪರೂಪ. ತಾಲ್ಲೂಕಿನ ಹಳ್ಳಿಗಳಲ್ಲಿ ಅಗಸಿ ಬಾಗಿಲು, ಹುಡೇವು, ಮೆಟ್ಟಿಲು ಬಾವಿಗಳು ಯಾರ ಲೆಕ್ಕಕ್ಕೂ ಸಿಗದೆ ಇವೆ, ರಸ್ತೆ ಅಗಲವಾಗುವಾಗ ಮೊದಲು ಬೀಳುವುದೂ ಇವೇ.

ಇಲ್ಲಿ ಕೆಲಸ ಶುರು ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ಪ್ರತಿ ರಚನೆಗೂ ಒಂದು ಹಾಳೆ: ಹೆಸರು, ಸರ್ವೆ ನಂಬರು, ಯಾರ ಒಡೆತನ, ಈಗಿನ ಸ್ಥಿತಿ, ನಾಲ್ಕು ದಿಕ್ಕಿನ ಫೋಟೊ, ಊರಿನ ಹಿರಿಯರು ಅದರ ಬಗ್ಗೆ ಹೇಳುವುದು. ಪ್ರೌಢಶಾಲೆಯ ಮಕ್ಕಳು, ಅವರ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ವರ್ಷದಲ್ಲಿ ಒಂದು ಹೋಬಳಿ ಮುಗಿಸಬಲ್ಲರು. ಆ ಹಾಳೆಗಳ ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಸ್ಥಳೀಯ ಸಂಸ್ಥೆಗೆ, ಒಂದು ನಗರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿಗೆ, ಸ್ವೀಕೃತಿ ಪಡೆದು ಕೊಡಬೇಕು. ಅದೂ ಊರಿನ ಯೋಜನೆಯ ಕರಡು ತಯಾರಾಗುವ ಮೊದಲೇ. ಕರಡಿಗೆ ಅನುಮೋದನೆ ಸಿಕ್ಕ ಮೇಲೆ ಒಂದು ಬಾವಿಯನ್ನು ನಕ್ಷೆಗೆ ಸೇರಿಸಬೇಕಾದರೂ ಕಡತ ಬೆಂಗಳೂರಿಗೆ ಹೋಗಿ ಬರಬೇಕಾಗುತ್ತದೆ.